ಮಗು ಇಂದೂ ಶಾಲೆಗೆ ಹೋಗಲಿಲ್ಲ

ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆದು ಎರಡು ತಿಂಗಳು ಕಳೆಯುವಷ್ಟರಲ್ಲಿ ಕೆಲವು ಮನೆಗಳಲ್ಲಿ ಬೆಳಗಿನ ಮಾತುಕತೆಯೊಂದು ನಿತ್ಯವಿಧಿಯಂತಾಗಿಬಿಡುತ್ತದೆ. “ಅವ್ವಾ, ಹೊಟ್ಟಿ ನೋಯ್ಲಾಕತ್ತದ” ಎಂದು ಮಗು ಹಾಸಿಗೆಯಿಂದಲೇ ನರಳುತ್ತದೆ. ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ತಂದೆಗೆ ಕಚೇರಿಯ ಹೊತ್ತಿನ ಚಿಂತೆ. ಅಜ್ಜಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರುತ್ತಾಳೆ. ಕೊನೆಗೆ ಆ ದಿನವೂ ಪಾಟಿಚೀಲ ಮೂಲೆಯಲ್ಲಿಯೇ ಉಳಿಯುತ್ತದೆ. ಬೀದರ ನಗರದ ಬಡಾವಣೆಯಲ್ಲಾಗಲಿ, ಭಾಲ್ಕಿಯ ಪೇಟೆಯಲ್ಲಾಗಲಿ, ಔರಾದಿನ ಓಣಿಯಲ್ಲಾಗಲಿ ಇಂಥ ಮನೆ ಒಂದಾದರೂ ಕಾಣದಿರುವುದು ಅಪರೂಪ.

ಇಂಥ ತಾಯಿತಂದೆಗಳಿಗೆ ಉಪದೇಶ ಮಾಡುವವರಿಗೇನೂ ಕೊರತೆಯಿಲ್ಲ. “ಗದರಿಸಿ ಕಳುಹಿಸಿರಿ, ಎಲ್ಲ ನೆಪ” ಎನ್ನುವವರು ಒಬ್ಬರು; “ಮೊದಲು ಜೀವ, ಆಮೇಲೆ ವಿದ್ಯೆ” ಎನ್ನುವವರು ಇನ್ನೊಬ್ಬರು. ಇಬ್ಬರ ಮಾತಿನಲ್ಲಿಯೂ ಒಂದಿಷ್ಟು ಸತ್ಯವಿದೆ. ಆದರೆ ಮಗು ಮೇಲಿಂದ ಮೇಲೆ ಮಲಗುವುದೇಕೆ ಎಂಬುದನ್ನು ತಿಳಿಯದೆ ಯಾವ ದಾರಿಯನ್ನು ಹಿಡಿದರೂ ಅದು ಕತ್ತಲೆಯಲ್ಲಿ ಕಲ್ಲೆಸೆದಂತೆಯೇ ಸರಿ. ಕಾರಣವನ್ನು ಅರಸಹೊರಡುವವರಿಗೆ ಆರಂಭದಲ್ಲಿ ದುಬಾರಿಯ ಪರೀಕ್ಷೆಗಳೇನೂ ಬೇಕಿಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರು, ಅದರ ಪಕ್ಕದಲ್ಲಿ ಒಂದು ಪೆನ್ಸಿಲು ಇದ್ದರೆ ಸಾಕು.

ಎಷ್ಟು ಕಾಯಿಲೆ ಸಹಜ?

ಮೊದಲು ಒಂದು ಸಮಾಧಾನದ ಮಾತು. ಆರೋಗ್ಯವಾಗಿರುವ ಚಿಕ್ಕ ಮಕ್ಕಳಿಗೂ ವರ್ಷಕ್ಕೆ 6ರಿಂದ 8 ಬಾರಿ ನೆಗಡಿಯಾಗುವುದುಂಟು. ಮನೆಯವರ ನಡುವೆ ಬೆಳೆದ ಮಗು ನಲವತ್ತು ಮಕ್ಕಳ ನಡುವೆ ಕುಳಿತಾಗ ಹೊಸ ಹೊಸ ಸೋಂಕುಗಳನ್ನು ಎದುರಿಸಬೇಕಾಗುತ್ತದೆ. ಶರೀರವು ಅವುಗಳೊಡನೆ ಸೆಣಸುವುದನ್ನು ಕಲಿತಂತೆಲ್ಲ ಕಾಯಿಲೆಗಳು ವಿರಳವಾಗುತ್ತವೆ. ತೂಕ ಎತ್ತರಗಳು ಏರುತ್ತಿದ್ದು, ಜ್ವರ ಇಳಿದೊಡನೆ ಅಂಗಳಕ್ಕೆ ಓಡುವ ಮಗುವಿನ ವಿಷಯದಲ್ಲಿ ತಾಯಿ ಹೆಚ್ಚು ಹೆದರಬೇಕಾಗಿಲ್ಲ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವುದಾದ್ದರಿಂದ ಆಂಟಿಬಯಾಟಿಕ್ ಔಷಧದಿಂದ ಅದು ಗುಣವಾಗುವುದಿಲ್ಲ. ಹಿಂದಿನ ಸಲದ ಚೀಟಿಯನ್ನು ಅಂಗಡಿಗೆ ತೋರಿಸಿ ಅದೇ ಔಷಧವನ್ನು ತಂದು ಕುಡಿಸುವ ಪದ್ಧತಿಯನ್ನು ಬಿಡುವುದೇ ಮೇಲು.

ಇನ್ನು ಶಾಲೆಗೆ ಕಳುಹಿಸಬೇಕೆ, ಬೇಡವೆ ಎಂಬ ಪ್ರಶ್ನೆ. ಮೂಗು ಸೋರುತ್ತಿದೆ ಎಂಬಷ್ಟಕ್ಕೆ ಮನೆಯಲ್ಲಿ ಉಳಿಸಿಕೊಳ್ಳಬೇಕಾಗಿಲ್ಲ. ಜ್ವರವಿದ್ದರೆ, ವಾಂತಿಭೇದಿಯಿದ್ದರೆ, ಮೈಮೇಲೆ ಗುಳ್ಳೆಗಳೆದ್ದಿದ್ದರೆ ಉಳಿಸಿಕೊಳ್ಳುವುದು ಅಗತ್ಯ. ಅದು ಇತರ ಮಕ್ಕಳಿಗೂ ಹಿತ. ಔಷಧದ ಸಹಾಯವಿಲ್ಲದೆ 24 ಗಂಟೆ ಜ್ವರ ಬಾರದಿದ್ದು, ಮಗು ಗೆಲುವಾಗಿದ್ದರೆ ಕಳುಹಿಸಬಹುದು.

ಆದರೆ ಚಿಕ್ಕ ಚಿಕ್ಕ ಗೈರುಹಾಜರಿಗಳು ಕೂಡಿ ದೊಡ್ಡ ಮೊತ್ತವಾಗುವುದನ್ನು ಅನೇಕರು ಗಮನಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠಗಳು ನಡೆಯಬೇಕು. ತಿಂಗಳಿಗೆ ಎರಡೇ ದಿನ ತಪ್ಪಿದರೂ ಹತ್ತು ತಿಂಗಳಲ್ಲಿ 20 ದಿನಗಳಾದವು. ಎಂದರೆ ವರ್ಷದ ವಿದ್ಯೆಯಲ್ಲಿ ಹತ್ತನೆಯ ಒಂದು ಪಾಲು ಹೋಯಿತು. ಅಮೆರಿಕದ ಶಾಲೆಗಳಲ್ಲಿ ಇದೇ ಹತ್ತನೆಯ ಒಂದು ಪಾಲನ್ನು ಎಚ್ಚರಿಕೆಯ ಗೆರೆಯೆಂದು ಎಣಿಸುವುದುಂಟು. ನಮ್ಮ ಮನೆಗಳಲ್ಲಿಯೂ ಆ ಗೆರೆಯನ್ನು ನೆನಪಿನಲ್ಲಿಡಬಹುದು.

ಕ್ಯಾಲೆಂಡರು ಹೇಳುವ ಕಥೆ

ಮಗು ಮನೆಯಲ್ಲಿ ಉಳಿದ ದಿನದ ಕೆಳಗೆ ಕಾರಣವನ್ನು ಎರಡೇ ಶಬ್ದಗಳಲ್ಲಿ ಗುರುತು ಹಾಕಿರಿ: ‘ಜ್ವರ, ಗಂಟಲು’, ‘ರಾತ್ರಿ ಕೆಮ್ಮು’, ‘ಹೊಟ್ಟೆ, ಬೆಳಿಗ್ಗೆ’. ತಿಂಗಳಿಗೊಮ್ಮೆ ತೂಕವನ್ನೂ ಬರೆಯಿರಿ. ಮೂರು ತಿಂಗಳಾದ ಮೇಲೆ ಹಾಳೆಗಳನ್ನು ತಿರುವಿ ನೋಡಿದರೆ, ಬಿಡಿಬಿಡಿಯಾಗಿ ಕಂಡಿದ್ದ ಕಾಯಿಲೆಗಳು ಒಂದು ಸಾಲಿನಲ್ಲಿ ನಿಂತಿರುತ್ತವೆ.

ಸೋಯಾ, ತೊಗರಿಯ ರಾಶಿ ನಡೆಯುವ ದಿನಗಳಲ್ಲಿ, ಚಳಿಯ ರಾತ್ರಿಗಳಲ್ಲಿ, ಅಥವಾ ಓಡಿ ಆಡಿದ ಮೇಲೆ ಕೆಮ್ಮು ಹೆಚ್ಚಿ ಎದೆಯಲ್ಲಿ ಸಿಳ್ಳೆಯ ಸದ್ದು ಕೇಳುತ್ತಿದ್ದರೆ, ಅದು ಆಸ್ತಮಾ ಇರಬಹುದು. ಇಂಥ ಮಗುವಿಗೆ ವರ್ಷಗಟ್ಟಲೆ ಕೆಮ್ಮಿನ ಪಾನಕ ಕುಡಿಸಿದರೆ ಫಲವಿಲ್ಲ. ಇನ್ಹೇಲರ್ ಎಂದೊಡನೆ “ಅದು ಚಟವಾಗುತ್ತದೆ” ಎಂದು ಬೆಚ್ಚುವವರು ಬಹಳ ಮಂದಿ. ಅದು ಚಟವಾಗುವುದಿಲ್ಲ, ಅಲ್ಪಪ್ರಮಾಣದ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ತಲುಪಿಸುವ ಉಪಾಯವಷ್ಟೆ. ವೈದ್ಯರು ಹೇಳಿದಂತೆ ಅದನ್ನು ಕ್ರಮವಾಗಿ ಬಳಸಿದ ಮಗು ಇತರರಂತೆಯೇ ಓಡಿಯಾಡಬಲ್ಲದು. ಮನೆಯೊಳಗೆ ಬೀಡಿ ಸಿಗರೇಟು ಸೇದುವವರಿದ್ದರೆ ಮೊದಲ ಚಿಕಿತ್ಸೆ ಅವರಿಂದಲೇ ಆರಂಭವಾಗಬೇಕು.

ಮಳೆಗಾಲದ ದಿನಗಳಲ್ಲಿಯೇ ಭೇದಿಯ ಗುರುತುಗಳು ಕೂಡಿಕೊಂಡಿದ್ದರೆ ಕುಡಿಯುವ ನೀರಿನ ಮೇಲೆ ಕಣ್ಣಿಡಬೇಕು. ನೀರನ್ನು ಕುದಿಸಿ ಆರಿಸುವುದು, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಹಳೆಯ ಮಾತುಗಳೇ ಆದರೂ ಅವುಗಳ ಬೆಲೆ ಕಡಿಮೆಯಾಗಿಲ್ಲ. ಭೇದಿಯಾದಾಗ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ವೈದ್ಯರು ಕೊಡುವ ಝಿಂಕ್ ಗುಳಿಗೆಗಳನ್ನು ಭೇದಿ ನಿಂತಿತೆಂದು ಅರ್ಧಕ್ಕೆ ಬಿಡದೆ ಮುಗಿಸಬೇಕು.

ಗಂಟಲುನೋವು ಬಂದುಹೋದ ಎರಡು ಮೂರು ವಾರಗಳ ಮೇಲೆ ಮೊಣಕಾಲು, ಹರಡು, ಮೊಣಕೈ ಹೀಗೆ ಒಂದು ಕೀಲಿನಿಂದ ಇನ್ನೊಂದಕ್ಕೆ ನೋವು ಬಾವುಗಳು ಸರಿದಾಡಿದರೆ ‘ಬೆಳೆಯುವ ಮಕ್ಕಳ ಕಾಲುನೋವು’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ರುಮ್ಯಾಟಿಕ್ ಜ್ವರವೆಂಬ ಈ ವ್ಯಾಧಿ 5ರಿಂದ 15 ವರ್ಷದ ಮಕ್ಕಳಿಗೆ ಬರುವುದೇ ಹೆಚ್ಚು. ಅಲಕ್ಷಿಸಿದರೆ ಹೃದಯದ ಕವಾಟಗಳಿಗೆ ಹಾನಿ ತಟ್ಟುತ್ತದೆ. ಎರಡು ವಾರ ಮೀರಿದ ಕೆಮ್ಮು, ಬಿಡದ ಜ್ವರ, ಇಳಿಯುವ ತೂಕ ಒಟ್ಟಿಗೆ ಕಂಡರೆ ಕ್ಷಯದ ಪರೀಕ್ಷೆಯಾಗಬೇಕು. ಅದರ ಪರೀಕ್ಷೆ, ಔಷಧಗಳೆರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಂಜೆಯ ತಲೆನೋವುಗಳ ಸಾಲಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿರಿ.

ಕೊನೆಯದಾಗಿ, ಸೋಮವಾರ ಬೆಳಿಗ್ಗೆ ಬಂದು ಹತ್ತು ಗಂಟೆಗೆ ಮಾಯವಾಗುವ, ಭಾನುವಾರ ಎಂದೂ ಬಾರದ ಹೊಟ್ಟೆನೋವು. ಇದನ್ನು ಕಳ್ಳಾಟವೆಂದು ಹಂಗಿಸುವುದು ಸುಲಭ. ಆದರೆ ಮನಸ್ಸಿನ ಭಯ ಮಗುವಿನ ಹೊಟ್ಟೆಯಲ್ಲಿ ನಿಜವಾದ ನೋವಾಗಿಯೇ ಏಳುತ್ತದೆ. ಬಾಯಿಪಾಠದ ಹೆದರಿಕೆ, ಹಿಂದಿನ ಬೆಂಚಿನವನ ಕೀಟಲೆ, ಬಳಸಲಾಗದಂತಹ ಶೌಚಾಲಯ, ಇವುಗಳಲ್ಲಿ ಯಾವುದಿದೆಯೆಂದು ರಾತ್ರಿ ಮಲಗುವಾಗ ಮೆಲ್ಲನೆ ಕೇಳಬೇಕು. ಶೌಚಾಲಯಕ್ಕೆ ಹೋಗಬೇಕಾದೀತೆಂದು ದಿನವಿಡೀ ನೀರು ಕುಡಿಯದೆ ಮೂತ್ರದ ಸೋಂಕಿಗೆ ತುತ್ತಾಗುವ ಹೆಣ್ಣುಮಕ್ಕಳಿದ್ದಾರೆ. ದೊಡ್ಡ ಹುಡುಗಿಯರ ಗುರುತುಗಳು ತಿಂಗಳಿಗೊಮ್ಮೆ ಬರುತ್ತಿದ್ದರೆ ತಾಯಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೋವಿಗೂ ಔಷಧವಿದೆ, ನಾಚಿಕೆಯಿಂದ ಮುಚ್ಚಿಡಬೇಕಾದುದೇನೂ ಇಲ್ಲ.

ವೈದ್ಯರ ಬಳಿಗೆ ಹೋಗುವಾಗ

ಮೇಲೆ ಹೇಳಿದುದೆಲ್ಲ ರೋಗವನ್ನು ಮನೆಯಲ್ಲೇ ನಿರ್ಣಯಿಸಲಿಕ್ಕಲ್ಲ. ವೈದ್ಯರಿಗೆ ಸರಿಯಾದ ಸುದ್ದಿಯನ್ನು ಮುಟ್ಟಿಸಲಿಕ್ಕೆ. ಭಾಲ್ಕಿ, ಔರಾದುಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ತಪಾಸಣೆಗೆ ಬೀದರ ನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ‘ಬ್ರಿಮ್ಸ್’, ಇದೆ. ಔರಾದಿನಿಂದ ಬಸ್ಸು ಹಿಡಿದು ಬಂದು, ಸರದಿಯಲ್ಲಿ ನಿಂತು, ಐದೇ ನಿಮಿಷ ವೈದ್ಯರ ಮುಂದೆ ಕುಳಿತಾಗ “ಯಾವಾಗಲೂ ಆರಾಮಿಲ್ಲರೀ” ಎಂದರೆ ಅವರಿಗೆ ಏನೂ ತಿಳಿಯದು. ಗುರುತು ಹಾಕಿದ ಹಾಳೆಯನ್ನು, ಹಳೆಯ ಚೀಟಿಗಳನ್ನು ಮುಂದಿಟ್ಟರೆ ಆ ಐದು ನಿಮಿಷಗಳು ಸಾರ್ಥಕವಾಗುತ್ತವೆ.

ಶಾಲೆಗೇ ಬರುವ ವೈದ್ಯರ ತಂಡವನ್ನೂ ಮರೆಯಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಿಸಿ, ದೋಷ ಕಂಡವರನ್ನು ಉಚಿತ ಚಿಕಿತ್ಸೆಗೆ ಕಳುಹಿಸುತ್ತವೆ. ಪದೇ ಪದೇ ಗೈರುಹಾಜರಾಗುವ ಮಗು ಆ ದಿನವೂ ತಪ್ಪಿಸಿಕೊಂಡರೆ ಯಾರಿಗಾಗಿ ತಂಡ ಬಂದಿತೋ ಅವರೇ ಇಲ್ಲದಂತಾಗುತ್ತದೆ. ತಪಾಸಣೆಯ ದಿನವನ್ನು ಮೊದಲೇ ತಿಳಿಸಬೇಕೆಂದು ಗುರುಗಳನ್ನು ಕೇಳಿಕೊಳ್ಳಿರಿ.

ಆದರೆ ಉಸಿರು ಬಲು ವೇಗವಾಗಿ, ಪಕ್ಕೆಲುಬು ಒಳಸೆಳೆಯುವಂತಿದ್ದರೆ, ಕುಡಿದುದೆಲ್ಲ ವಾಂತಿಯಾಗುತ್ತಿದ್ದರೆ, ಫಿಟ್ಸ್ ಬಂದರೆ, ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಬರೆಯುತ್ತ ಕೂರುವ ಹೊತ್ತಲ್ಲ. ತತ್‌ಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ತಟ್ಟೆಯೊಳಗಿನ ಔಷಧ

ಬಿಳಿಚಿದ ಕಣ್ಣಂಚು, ಮೆಟ್ಟಿಲೇರಿದರೆ ಆಯಾಸ, ಪಾಠದಲ್ಲಿ ತೂಕಡಿಕೆ, ಇವು ರಕ್ತಹೀನತೆಯ ಲಕ್ಷಣಗಳು. 5ರಿಂದ 11 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ 11.5 ಗ್ರಾಮಿಗಿಂತ ಕಡಿಮೆಯಾಗಬಾರದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ, ವರ್ಷಕ್ಕೆ ಎರಡು ಬಾರಿ ಕೊಡುವ ಜಂತುಹುಳುವಿನ ಗುಳಿಗೆ ಇವನ್ನು ಬೇಡವೆನ್ನುವುದು ಜಾಣತನವಲ್ಲ. ಎಳ್ಳಮಾವಾಸ್ಯೆಗೆ ನಮ್ಮ ಹೊಲಗಳಲ್ಲಿ ಬಡಿಸುವ ಭಜ್ಜಿಯನ್ನು ನೆನೆಯಿರಿ: ಬಗೆಬಗೆಯ ಸೊಪ್ಪು, ಹಸಿ ಕಾಳುಗಳು, ಶೇಂಗಾ, ಜೊತೆಗೆ ಸಜ್ಜೆಯ ರೊಟ್ಟಿ. ವರ್ಷಕ್ಕೊಮ್ಮೆ ಹಬ್ಬವಾಗಿ ಉಣ್ಣುವ ಇದು ವಾರಕ್ಕೆರಡು ಸಲ ಮನೆಯ ತಟ್ಟೆಗೆ ಬಂದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಟಾನಿಕ್ಕು ಬೇಕಿಲ್ಲ. ಊಟದ ಜೊತೆಗೆ ಚಹಾ ಬೇಡ, ನಿಂಬೆಹಣ್ಣಿರಲಿ.

2021ರ ಡಿಸೆಂಬರಿನಲ್ಲಿ ಬೀದರವೂ ಸೇರಿದಂತೆ 7 ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆಯನ್ನು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನು ಕೊಡಲು ಆರಂಭಿಸಿದುದು ಈ ಭಾಗದ ಮಕ್ಕಳ ಅಪೌಷ್ಟಿಕತೆಯನ್ನು ಕಂಡೇ. ಅಶಕ್ತ ಮಗು ಶಾಲೆ ತಪ್ಪಿಸಿದಾಗ ಪಾಠದೊಡನೆ ಈ ಊಟವೂ ತಪ್ಪುತ್ತದೆ. ಅಶಕ್ತಿ ಇನ್ನೂ ಹೆಚ್ಚುತ್ತದೆ.

ಪಾಠದ ಎಳೆ ಕಡಿಯದಿರಲಿ

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ತೊಡಕುಂಟು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತಾದರೂ ಮನೆಮಾತುಗಳು ಹಲವಾಗಿಯೇ ಉಳಿದವು. ಔರಾದು, ಭಾಲ್ಕಿಗಳ ಅನೇಕ ಮನೆಗಳಲ್ಲಿ ಮರಾಠಿ. ಬೀದರದ ಪೇಟೆಯಲ್ಲಿ ದಖ್ಖನಿ ಉರ್ದು. ಗಡಿಯ ಕಡೆ ತೆಲುಗು. ಮನೆಯಲ್ಲಿ ಮರಾಠಿಯಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು ಒಂದು ವಾರ ಮಲಗಿದರೆ ಪಾಠವನ್ನಷ್ಟೇ ಕಳೆದುಕೊಳ್ಳುವುದಿಲ್ಲ, ಪಾಠದ ಭಾಷೆಯಿಂದಲೂ ದೂರವಾಗುತ್ತದೆ. ಮರಳಿ ಹೋದಾಗ ಏನೂ ತಿಳಿಯದೆ ಮಂಕಾಗಿ ಕೂರುತ್ತದೆ. ಮರುದಿನದ ಹೊಟ್ಟೆನೋವಿಗೆ ಬೀಜ ಬೀಳುವುದು ಅಲ್ಲಿಯೇ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಪಾಠ ಹೇಳಿಸಿದುದು ಈ ನಾಡಿನವರಿಗೆಲ್ಲ ಗೊತ್ತಿರುವ ಸಂಗತಿ. ಅಷ್ಟು ದೊಡ್ಡ ಅಡ್ಡಿಯ ನಡುವೆಯೂ ಪಾಠ ನಿಲ್ಲದಂತೆ ನೋಡಿಕೊಂಡ ನೆಲದಲ್ಲಿ, ಒಂದು ಜ್ವರಕ್ಕೆ ಪಾಠ ಪೂರ್ತಿ ನಿಲ್ಲಬೇಕಾಗಿಲ್ಲ. ಗುಣವಾಗುತ್ತಿರುವ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಸಾಕು. ಓಣಿಯ ಸಹಪಾಠಿಯೊಬ್ಬ ಸಂಜೆ ಬಂದು ಅಂದಿನ ಪಾಠ ಯಾವುದೆಂದು ಹೇಳಲಿ. ಗುರುಗಳನ್ನು ಕೇಳಿದರೆ ಮೊಬೈಲಿಗೆ ಕರಿಹಲಗೆಯ ಚಿತ್ರವನ್ನೂ ಕಳುಹಿಸಿಯಾರು. ಕನ್ನಡ ಬಾರದ ತಾಯಿಯೂ ಮಗುವಿನಿಂದ ಪಾಠವನ್ನು ಗಟ್ಟಿಯಾಗಿ ಓದಿಸಿ ಕೇಳಬಹುದು. ಅರ್ಥವನ್ನು ತನ್ನ ಭಾಷೆಯಲ್ಲಿ ಹೇಳಿಸಬಹುದು.

ಶಾಲೆಯವರಿಂದಲೂ ಏನನ್ನೂ ಮುಚ್ಚಿಡಬೇಡಿರಿ. ವರ್ಷದ ಆರಂಭದಲ್ಲಿಯೇ ಮಗುವಿನ ಕಾಯಿಲೆ, ಕೊಡಬೇಕಾದ ಔಷಧ, ಕರೆಯಬೇಕಾದ ಫೋನ್ ಸಂಖ್ಯೆ ಇವನ್ನು ಬರೆದು ಕೊಡಿರಿ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವೆಂಬುದು ಕಾಯಿದೆ. ಎಸ್‌ಎಸ್‌ಎಲ್‌ಸಿಗೆ ಮಾತ್ರ ನೂರಕ್ಕೆ 75ರಷ್ಟು ಹಾಜರಿ ಬೇಕಾಗುವುದರಿಂದ ಆ ವರ್ಷ ವೈದ್ಯಕೀಯ ಪ್ರಮಾಣಪತ್ರಗಳನ್ನು ಆಗಿಂದಾಗ್ಗೆ ಒಪ್ಪಿಸುತ್ತಿರಬೇಕು. 2024ರಿಂದ ಅದೇ ವರ್ಷದಲ್ಲಿ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶಗಳು ದೊರೆಯುತ್ತಿರುವುದು ಪರೀಕ್ಷೆಯ ಹೊತ್ತಿಗೆ ಮಲಗಿದ ಮಕ್ಕಳಿಗೆ ದೊಡ್ಡ ಆಸರೆ.

ಮಗುವಿನ ಕಿವಿಗೆ ಬೀಳುವ ಮಾತು

ಬಂದ ನೆಂಟರ ಮುಂದೆ “ಇವ ನಮ್ಮ ರೋಗಿಷ್ಟ” ಎಂದು ಪರಿಚಯಿಸುವ ಮನೆಗಳಿವೆ. ಪ್ರೀತಿಯಿಂದಲೇ ಆಡಿದರೂ ಆ ಮಾತನ್ನು ಮಗು ತನ್ನ ಹೆಸರೆಂದೇ ನಂಬಿಕೊಳ್ಳುತ್ತದೆ. ಕಾಯಿಲೆಯ ದಿನ ಮಗುವಿಗೆ ವಿಶ್ರಾಂತಿ, ಆರೈಕೆ ಸಿಗಲಿ; ದಿನವಿಡೀ ಟಿ.ವಿ., ಕೇಳಿದ ತಿಂಡಿ ಸಿಗುವುದು ಬೇಡ. ಗುಣವಾದ ದಿನವೇ ಹೆಚ್ಚು ಸಂತೋಷದ ದಿನವೆಂದು ಅದಕ್ಕೆ ಅನಿಸಬೇಕು. ಅದರ ಅಣ್ಣತಂಗಿಯರಿಗೂ ತಾಯಿಯ ಹೊತ್ತಿನಲ್ಲಿ ಪಾಲಿರಬೇಕು.

ತಾಯಿಯ ದಣಿವನ್ನೂ ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ಎಚ್ಚರವಿದ್ದು ಹಗಲು ದುಡಿಯುವವಳು ಅವಳೇ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಶಿಶುಪಾಲನಾ ರಜೆಯ ಸೌಲಭ್ಯವಿದೆ. ಖಾಸಗಿಯಲ್ಲಿ ದುಡಿಯುವವರಿಗೆ ಅದಿಲ್ಲ. ಆದುದರಿಂದ ಕ್ಯಾಲೆಂಡರಿನಲ್ಲಿ ಇನ್ನೊಂದು ಗುರುತಿಗೂ ಜಾಗವಿರಲಿ: ಈ ಸಲ ಮಗುವಿನೊಡನೆ ಮನೆಯಲ್ಲಿ ಉಳಿದವರು ಯಾರು? ಮೂರು ತಿಂಗಳೂ ತಾಯಿಯ ಹೆಸರೇ ಬಂದಿದ್ದರೆ ಮುಂದಿನ ಸರದಿ ತಂದೆಯದು.