ನಿಮಗಿದು ಗೊತ್ತೆ? ಕಿಕ್ಕರೂ ಅದೇ, ಗಿಯರೂ ಅದೇ!

• 1961ರಿಂದ 1996ರವರೆಗೆ ಭಾರತದ ಜಾವಾ, ಯೆಜ್ಡಿ ಬೈಕುಗಳು ತಯಾರಾದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ.

• ಈ ಬೈಕುಗಳಲ್ಲಿ ಗಿಯರ್ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಸಿದ್ಧ!

• 250 ಸಿಸಿ ಯೆಜ್ಡಿಗೆ ಸೈಲೆನ್ಸರ್ ಎರಡು, ಸಿಲಿಂಡರ್ ಮಾತ್ರ ಒಂದೇ.

• ಇವುಗಳದ್ದು ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಗಿಯರ್‌ಬಾಕ್ಸಿನ ಆಯಿಲ್ ಬೇರೆ.

• ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ತುದಿ ಕಂದು ಬಣ್ಣವಿದ್ದರೆ ಎಂಜಿನ್ ಸುಸ್ಥಿತಿಯಲ್ಲಿದೆ. ಕಪ್ಪು ಜಿಡ್ಡಿದ್ದರೆ ಆಯಿಲ್ ಹೆಚ್ಚಾಗಿರಬಹುದು. ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿರಬಹುದು.

• ಭಟ್ಕಳ, ಹೊನ್ನಾವರ, ಕುಮಟಾದ ಮಳೆಗಾಲದಲ್ಲಿ ಅರೆಖಾಲಿ ಟ್ಯಾಂಕಿನೊಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಪುಡಿ ಇಳಿದರೆ ಕಾರ್ಬುರೇಟರಿನ ಜೆಟ್ ಕಟ್ಟಿಕೊಳ್ಳುತ್ತದೆ. ಹಳೆಯ ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿಡಿ.