ಮದ್ದು ಬಿಡುವ ಎಂಜಿನ್ ಸ್ಟಾರ್ಟ್ ಆಗದಿದ್ದರೆ



ಪತ್ತನಾಜೆ ಕಳೆಯಿತೆಂದರೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ತರಾತುರಿ. ಕೊಳೆರೋಗ ಬಾರದಿರಬೇಕಾದರೆ ನೂರಕ್ಕೆ ಒಂದರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಬಳಿಕ 40-45 ದಿನಗಳಲ್ಲಿ ಇನ್ನೊಮ್ಮೆ ಬಿಡಬೇಕು. ಮೈಲುತುತ್ತು ತಂದಾಗಿದೆ, ಸುಣ್ಣ ಸಿದ್ಧವಿದೆ, ಮರ ಹತ್ತುವವರು ಬಹಳ ಹೇಳಿಸಿಕೊಂಡ ಮೇಲೆ ಒಂದು ದಿನ ಕೊಟ್ಟಿದ್ದಾರೆ. ಆ ದಿನ ಬೆಳಿಗ್ಗೆ ಕೊಟ್ಟಿಗೆಯ ಮೂಲೆಯಿಂದ ಹಳೆಯ ಎಂಜಿನನ್ನು ಹೊರಗೆ ತಂದು ಹಗ್ಗ ಎಳೆದರೆ ಅದು ಮಿಸುಕುವುದಿಲ್ಲ. ಅಂಗಡಿಗೆ ಕೊಂಡುಹೋದರೆ ಅಲ್ಲಿ ಅಂತಹವು ಹತ್ತು ಸಾಲಾಗಿ ಕುಳಿತಿರುತ್ತವೆ. ಅಷ್ಟರಲ್ಲಿ ಮಳೆ ಹಿಡಿದರೆ ಆ ವರ್ಷದ ಫಸಲಿನ ಗತಿ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಎಂಜಿನಿಗೆ ಮುಪ್ಪು ಬಂತು, ಹೊಸದು ತೆಗೆಯಬೇಕು ಎಂದು ಹೇಳುವವರಿದ್ದಾರೆ. ನಾವು ಕಂಡಂತೆ ಹೆಚ್ಚಿನ ಸಲ ದೋಷ ಎಂಜಿನಿನದ್ದಲ್ಲ, ಕಳೆದ ವರ್ಷ ಅದರ ಹೊಟ್ಟೆಯಲ್ಲಿ ಬಿಟ್ಟ ಪೆಟ್ರೋಲಿನದ್ದು. ಕಾರ್ಬುರೇಟರಿನ ಕೆಳಗಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ತಿಂಗಳುಗಟ್ಟಲೆ ಆರಿ ಆರಿ ಅಂಟಾಗುತ್ತದೆ. ಸೂಜಿಯ ಮೊನೆ ಹೋಗುವಷ್ಟು ಸಣ್ಣದಾದ ಜೆಟ್ಟಿನ ತೂತನ್ನು ಮುಚ್ಚಲು ಅಷ್ಟು ಅಂಟು ಧಾರಾಳ ಸಾಕು.

ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ತೊಂದರೆ ಸೇರಿದೆ. ನಮ್ಮ ದೇಶದಲ್ಲಿ 2022ರ ಹೊತ್ತಿಗೆ ಪೆಟ್ರೋಲಿಗೆ ನೂರಕ್ಕೆ 10ರಷ್ಟು, 2025ರ ಹೊತ್ತಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವುದು ರೂಢಿಯಾಯಿತು. ಎಥನಾಲಿಗೆ ನೀರಿನ ಪಸೆ ಹೀರುವ ಗುಣ. ನಮ್ಮ ಕರಾವಳಿಯ ಗಾಳಿಯಲ್ಲಿ ಪಸೆಗೆ ಬರಗಾಲವಿಲ್ಲ. ಅಳತೆ ಮೀರಿ ನೀರು ಸೇರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಎಂಜಿನಿಗೆ ಮೊದಲು ಹೋಗುವುದು ಆ ತಳದ್ದೇ. ಇಪ್ಪತ್ತು, ಮೂವತ್ತು ವರ್ಷ ಹಳೆಯ ಎಂಜಿನಿನ ರಬ್ಬರ್ ಪೈಪು, ವಾಷರುಗಳು ಇಂತಹ ಪೆಟ್ರೋಲಿಗೆಂದು ಮಾಡಿದವೂ ಅಲ್ಲ. ಅವು ಮೆತ್ತಗಾಗುತ್ತವೆ, ಬಿರಿಯುತ್ತವೆ.

ಆದುದರಿಂದ ಹಗ್ಗ ಎಳೆದು ತೋಳು ನೋಯಿಸುವ ಮೊದಲು ಪೆಟ್ರೋಲ್ ನೋಡಿರಿ. ನಲ್ಲಿ ಮುಚ್ಚಿ, ಕಾರ್ಬುರೇಟರಿಗೆ ಬರುವ ಪೈಪನ್ನು ಬಿಡಿಸಿ, ಒಂದು ಗಾಜಿನ ಬಾಟ್ಲಿಗೆ ಹಿಡಿದು ನಲ್ಲಿ ತೆರೆಯಿರಿ. ಧಾರೆ ಎಡೆಬಿಡದೆ ಬರಬೇಕು. ತೊಟ್ಟು ತೊಟ್ಟಾಗಿ ಬಂದರೆ ನಲ್ಲಿಯ ಜರಡಿಯಲ್ಲಿ ಕಸವಿದೆ. ಬಾಟ್ಲಿಯನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿರಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಹಳೆ ಪೈಂಟಿನಂತಹ ವಾಸನೆ ಬಂದರೆ ಟ್ಯಾಂಕಿನಲ್ಲಿರುವುದೆಲ್ಲ ಹೊರಗೆ ಹೋಗಲಿ. ಅದಕ್ಕೆ ಹೊಸ ಪೆಟ್ರೋಲ್ ಸೇರಿಸಿ ಸುಧಾರಿಸುವ ಉಳಿತಾಯ ಬೇಡ.

ಸ್ಟಾರ್ಟ್ ಆಗಿ ಐದು ಹತ್ತು ನಿಮಿಷಕ್ಕೆ ನಿಂತುಹೋಗುವ ಎಂಜಿನ್ ಆದರೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ ನೋಡಿರಿ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿದೆ. ಅದು ಮುಚ್ಚಿದರೆ ಪೆಟ್ರೋಲ್ ಇಳಿಯುವುದಿಲ್ಲ. ನಮ್ಮ ಇಗರ್ಜಿಯ ತೋಟದ ಎಂಜಿನಿನಲ್ಲಿ ಒಮ್ಮೆ ಕುಂಬಾರ ಹುಳ ಅಲ್ಲಿಯೇ ಮಣ್ಣು ಮೆತ್ತಿತ್ತು. ಒಂದು ಗುಂಡುಸೂಜಿಯಲ್ಲಿ ರಿಪೇರಿ ಮುಗಿಯಿತು.

ಮುಂದೆ ಪ್ಲಗ್. ಹತ್ತು ಸಲ ಎಳೆದ ಮೇಲೆ ಪ್ಲಗ್ ಬಿಚ್ಚಿದರೆ ಅದು ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ, ಕಾರ್ಬುರೇಟರ್ ಬಿಚ್ಚಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಇಲ್ಲವೇ ಚೋಕ್ ಹಾಕಿ ಎಳೆದೆಳೆದು ಹೆಚ್ಚಾಗಿದೆ. ಹೆಚ್ಚಾದರೆ ಪ್ಲಗ್ ಒರಸಿ ಒಣಗಿಸಿ, ಚೋಕ್ ತೆಗೆದು, ಸ್ವಲ್ಪ ತಡೆದು ಎಳೆಯಿರಿ.

ಕಾರ್ಬುರೇಟರ್ ಬಿಚ್ಚುವುದು ಗಡಿಯಾರ ಬಿಚ್ಚಿದ ಹಾಗಲ್ಲ, ಹೆದರಬೇಡಿ. ಅಂಗಳದಲ್ಲಿ, ಒಲೆ ಬೀಡಿಗಳಿಂದ ದೂರ, ಒಂದು ಬಿಳಿ ಬಟ್ಟೆ ಹಾಸಿ ಕುಳಿತುಕೊಳ್ಳಿರಿ. ಕೆಳಗಿನ ಒಂದು ಬೋಲ್ಟ್ ತೆಗೆದರೆ ಬಟ್ಟಲು ಕೈಗೆ ಬರುತ್ತದೆ. ನಡುವೆ ನಿಂತಿರುವುದು ಹಿತ್ತಾಳೆಯ ಮುಖ್ಯ ಜೆಟ್. ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ಆಕಾಶ ದುಂಡಗೆ ಕಾಣಬೇಕು. ಮುಚ್ಚಿದ್ದರೆ ಕ್ಲೀನರಿನಲ್ಲಿ ನೆನೆಹಾಕಿ ಟಯರಿನ ಪಂಪಿನಿಂದ ಗಾಳಿ ಹೊಡೆಯಿರಿ. ಉಕ್ಕಿನ ತಂತಿ ಮಾತ್ರ ತುರುಕಬೇಡಿ. ಮೆತ್ತಗಿನ ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಆ ಜೆಟ್ ಎಸೆಯಲಿಕ್ಕೇ ಸರಿ. ಬೇಕೇ ಬೇಕಾದರೆ ವಯರಿನ ಒಂದು ತಾಮ್ರದ ಎಳೆ ಸಾಕು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿರಿ. ಒಳಗೆ ಕುಲುಕಿದರೆ ಅದು ತೂತಾಗಿದೆ. ಬಟ್ಟಲಿನ ರಬ್ಬರ್ ಉಂಗುರ ಉಬ್ಬಿ ಕೂರದಿದ್ದರೆ ಎಳೆದು ಕೂರಿಸದೆ ಒಂದು ದಿನ ಗಾಳಿಗೆ ಇಡಿರಿ, ಹಲವು ಸಲ ಅದು ಮೊದಲಿನಂತಾಗುತ್ತದೆ.

ಚೋಕ್ ತೆಗೆದ ಕೂಡಲೇ ಸಾಯುವ ಎಂಜಿನಿಗೆ ಪೆಟ್ರೋಲ್ ಸಾಲದು, ಅಥವಾ ಕಾರ್ಬುರೇಟರ್ ಕೂರುವಲ್ಲಿನ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆ. ಕಪ್ಪು ಹೊಗೆ ಬಿಡುವುದಾದರೆ ಗಾಳಿಯ ಫಿಲ್ಟರ್ ತೊಳೆಯದೆ ಎಷ್ಟು ಕಾಲವಾಯಿತೆಂದು ಯೋಚಿಸಿರಿ. ಗವರ್ನರಿನ ಸ್ಪ್ರಿಂಗ್ ತಂಟೆಗೆ ಹೋಗಬೇಡಿ, ಅದು ಮೆಕ್ಯಾನಿಕರ ಕೆಲಸ.

ಪೆಟ್ರೋಲಿನಲ್ಲಿ ಹಿಡಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್ ಕೆಲವರಲ್ಲಿ ಇನ್ನೂ ಇದೆ. ನಿಲ್ಲಿಸುವ ಮೊದಲು ನಲ್ಲಿಯನ್ನು ಪೆಟ್ರೋಲಿಗೆ ತಿರುಗಿಸಿ ಕೆಲವು ನಿಮಿಷ ಓಡಿಸಬೇಕು. ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಎಂಜಿನಿನಲ್ಲಿ ಅದು ಆವಿಯಾಗುವುದಿಲ್ಲ. ಆಯಿಲಿನ ಕಡ್ಡಿಯನ್ನೂ ನೋಡುತ್ತಿರಿ. ಹಾಕದೆಯೇ ಆಯಿಲ್ ಏರಿದ್ದರೆ, ಸೀಮೆಎಣ್ಣೆಯ ವಾಸನೆ ಬಂದರೆ ಆ ಆಯಿಲ್ ಬದಲಿಸದೆ ಓಡಿಸಬಾರದು.

ಇನ್ನು ನಾವು ಈ ಲೇಖನ ಬರೆಯಲು ಮುಖ್ಯ ಕಾರಣವಾದ ವಿಷಯ. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪಿಗೆ ಬಾಯಿ ಹಾಕಿ ಎಳೆಯುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲಿದೆ. ಮಕ್ಕಳಿಗೂ ಕಲಿಸುತ್ತೇವೆ. ಪೆಟ್ರೋಲ್, ಸೀಮೆಎಣ್ಣೆಗಳು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಅಪಾಯ. ತೆಳುವಾದ್ದರಿಂದ ಒಂದು ಗುಟುಕು ತಪ್ಪಿ ಶ್ವಾಸನಾಳಕ್ಕೆ ಹೋದರೂ ಒಳಗೆ ಹರಡಿ ನ್ಯುಮೋನಿಯ ಉಂಟುಮಾಡುತ್ತದೆ. ಕೆಮ್ಮು, ಏದುಸಿರು, ಜ್ವರ ಕೆಲವು ಗಂಟೆಗಳ ಮೇಲೆ ಬರಲೂಬಹುದು. ನುಂಗಿದವರಿಗೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ದೊಡ್ಡ ತಪ್ಪು. ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ನುಗ್ಗುವುದು. ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆ ಬದಲಿಸಿ, ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶರಬತ್ತಿನ ಬಾಟ್ಲಿಯಲ್ಲಿ ಸೀಮೆಎಣ್ಣೆ ಇಡುವುದೂ ನಿಲ್ಲಲಿ. ಬಾಯಾರಿದ ಮಗು ವಾಸನೆ ನೋಡಿ ಕುಡಿಯುವುದಿಲ್ಲ. ಕೈಯಲ್ಲಿ ಒತ್ತುವ ರಬ್ಬರ್ ಉಂಡೆಯ ಪೈಪು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ.

ಹಾಗೆಯೇ ಎಂಜಿನನ್ನು ಮುಚ್ಚಿದ ಕೊಟ್ಟಿಗೆಯೊಳಗೆ ಓಡಿಸಿ ಪರೀಕ್ಷಿಸಬೇಡಿ, ಕೆಸರು ತೆಗೆಯಲೆಂದು ಬಾವಿಯೊಳಗೆ ಇಳಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಲ್ಲಿ ಒಬ್ಬರು ಬಿದ್ದರೆಂದು ಎತ್ತಲು ಇಳಿದವರೂ ಮೇಲೆ ಬಾರದ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಎರಡನೆಯ ಮದ್ದು ಬಿಟ್ಟಾದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಬಟ್ಟಲಿನ ತಿರುಪು ಸಡಿಲಿಸಿ ಉಳಿದ ಹನಿಯನ್ನೂ ಇಳಿಸಿರಿ. ತೆಗೆದ ಒಳ್ಳೆಯ ಪೆಟ್ರೋಲನ್ನು ಆ ವಾರವೇ ಬೈಕಿಗೆ ಹಾಕಿ ಮುಗಿಸಿರಿ.