ಹಾಡಿನ ಕಿಂಡಿಯೂ ಮೊಬೈಲಿನ ಹಸಿವೂ

ಮೋಟಾರು ಕಾರನ್ನು ಕೊಳ್ಳುವಾಗ ನಾವು ಅದರ ಬಣ್ಣವನ್ನು ನೋಡುತ್ತೇವೆ. ಲೀಟರಿಗೆ ಎಷ್ಟು ದೂರ ಓಡೀತೆಂದು ವಿಚಾರಿಸುತ್ತೇವೆ. ಹಿಂದಿನ ಆಸನದಲ್ಲಿ ಅತ್ತೆಯವರು ಕಾಲು ನೀಡಿ ಕುಳಿತುಕೊಳ್ಳಲು ಸ್ಥಳವಿದೆಯೇ ಎಂದು ಪರೀಕ್ಷಿಸುತ್ತೇವೆ. ಆದರೆ ಮೊಬೈಲಿಗೆ ವಿದ್ಯುತ್ತನ್ನು ಊಡುವ ಆ ಪುಟ್ಟ ಕಿಂಡಿ ಎಂಥದೆಂದು ಯಾರು ತಾನೇ ಕೇಳುತ್ತಾರೆ? ನಾನಂತೂ ಕೇಳಿರಲಿಲ್ಲ. ಕೇಳದಿದ್ದುದರ ಫಲವನ್ನು ಒಂದು ರಾತ್ರಿ ಅನುಭವಿಸಬೇಕಾಯಿತು.

ನಮ್ಮ ವಾಸ ದೊಡ್ಡಬಳ್ಳಾಪುರದಲ್ಲಿ. ನನ್ನಾಕೆಯ ತವರು ಹೊಸಕೋಟೆ. ಹೋದ ಮಾಘಮಾಸದಲ್ಲಿ ಒಂದು ರಾತ್ರಿ ಒಂಬತ್ತರ ಸುಮಾರಿಗೆ, ಮಾವನವರಿಗೆ ಎದೆನೋವು ಕಾಣಿಸಿಕೊಂಡಿದೆ, ಊರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ ಎಂಬ ಸುದ್ದಿ ಬಂದಿತು. ಉಟ್ಟ ಬಟ್ಟೆಯಲ್ಲಿಯೇ ಹೊರಟೆವು. ಅವಸರದಲ್ಲಿ ನನ್ನಾಕೆ ತನ್ನ ಮೊಬೈಲನ್ನು ಅಡಿಗೆಮನೆಯ ಕಟ್ಟೆಯ ಮೇಲೆಯೇ ಮರೆತಳು. ನನ್ನದರಲ್ಲಿ ಉಳಿದಿದ್ದುದು ಶೇಕಡಾ 9ರಷ್ಟು ಮಾತ್ರ. ಕಾರಿನಲ್ಲಿ ಚಾರ್ಜಿಗೆ ಹಾಕಿದರಾಯಿತೆಂದು ತಂತಿಯನ್ನು ಸಿಕ್ಕಿಸಿದೆ. ಪರದೆಯ ಮೇಲೆ ಮಿಂಚಿನ ಚಿಹ್ನೆ ಮೂಡಿತು. ನನ್ನ ಮನಸ್ಸಿಗೂ ಸಮಾಧಾನವಾಯಿತು.

ದಾರಿ ಗೊತ್ತಿಲ್ಲದ್ದೇನಲ್ಲ. ಆದರೂ ಹೊಸ ವರ್ತುಲರಸ್ತೆಯ ಇಳಿದಾರಿಗಳು ಕತ್ತಲೆಯಲ್ಲಿ ಮೋಸಮಾಡುತ್ತವೆಂಬ ಅಂಜಿಕೆಯಿಂದ ಮೊಬೈಲಿನ ಭೂಪಟವನ್ನು ತೆರೆದಿಟ್ಟಿದ್ದೆ. ದೇವನಹಳ್ಳಿಯನ್ನು ದಾಟಿದ ಮೇಲೆ ಭಾವಮೈದುನನ ಕರೆ ಬಂದಿತು. ನನ್ನಾಕೆ ಎತ್ತಿಕೊಂಡಳು. "ಅಕ್ಕಾ, ಇಲ್ಲಿ ಬೇಡ ಅಂದ್ರು ಡಾಕ್ಟ್ರು. ಅಪ್ಪನ್ನ ಬೆಂಗಳೂರಿಗೆ ಕರಕೊಂಡು ಹೋಗ್ತಿದ್ದೀವಿ. ಯಾವ ಆಸ್ಪತ್ರೆ ಅಂದ್ರೆ..." ಅಷ್ಟರಲ್ಲಿ ಪರದೆ ಕಪ್ಪಾಯಿತು. ಒಂದು ಕ್ಷಣವೂ ತಂತಿಯನ್ನು ಕಿತ್ತಿರಲಿಲ್ಲ!

ಸೂಲಿಬೆಲೆಯ ಬಳಿ ಮುಚ್ಚುವ ಹೊತ್ತಿನಲ್ಲಿದ್ದ ಚಹದಂಗಡಿಯೊಂದರ ಮುಂದೆ ಕಾರನ್ನು ನಿಲ್ಲಿಸಿದೆ. ಅಂಗಡಿಯಾತ ಸಂಗತಿಯನ್ನು ಕೇಳಿದೊಡನೆ "ನನ್ನ ಫೋನಲ್ಲೇ ಮಾಡಿ ಸ್ವಾಮಿ" ಎಂದು ತನ್ನದನ್ನು ಮುಂದೆ ಹಿಡಿದ. ಯಾವ ಸಂಖ್ಯೆಗೆ ಮಾಡುವುದು? ಷಟ್ಪದಿಯ ಮಾತ್ರೆಗಳನ್ನು ನಿದ್ದೆಯಲ್ಲಿಯೂ ಎಣಿಸಬಲ್ಲ ನನಗೆ ಭಾವಮೈದುನನ ಹತ್ತು ಅಂಕಿಗಳು ನೆನಪಿರಲಿಲ್ಲ. ನನ್ನಾಕೆಗೆ ಬಾಯಿಪಾಠವಾಗಿದ್ದುದು ತವರುಮನೆಯ ಹಳೆಯ ದೂರವಾಣಿಯ ಸಂಖ್ಯೆ. ಅದನ್ನು ತೆಗೆಸಿ ಎಷ್ಟೋ ವರ್ಷಗಳಾಗಿದ್ದವು. ಕೊನೆಗೆ ಅಂಗಡಿಯ ಗೋಡೆಯ ಚಾರ್ಜರಿಗೆ ನನ್ನ ಮೊಬೈಲನ್ನು ಸಿಕ್ಕಿಸಿ, ಅದು ಕಣ್ಣು ತೆರೆಯುವುದನ್ನೇ ಕಾಯುತ್ತ ಕುಳಿತೆವು. ಎಂಟು ನಿಮಿಷ. ಆ ಎಂಟು ನಿಮಿಷಗಳಲ್ಲಿ ನನ್ನಾಕೆ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ.

ಮಾವನವರು ಈಗ ಸೌಖ್ಯವಾಗಿದ್ದಾರೆ. ಆದರೆ ಇಡೀ ದಾರಿ ವಿದ್ಯುತ್ತನ್ನು ಕುಡಿಯುತ್ತಿದ್ದ ಯಂತ್ರ ಹಸಿವಿನಿಂದ ಸತ್ತುದು ಹೇಗೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿನಲ್ಲಿ ಮೋಟಾರುಗಳ ವಿದ್ಯುತ್ ಕೆಲಸ ಮಾಡುತ್ತಾನೆ. ವ್ಯಾಕರಣದಲ್ಲಿ ಅವನು ನನ್ನನ್ನು ಬಹಳ ದಣಿಸಿದ್ದನು. ಈಗ ಸೇಡು ತೀರಿಸಿಕೊಳ್ಳುವ ಸರದಿ ಅವನದು. ಕಾರಿನೊಳಗೆ ಬಗ್ಗಿ ನೋಡಿ ನಕ್ಕ. "ಸಾರ್, ಇದು ಹಾಡಿಗೆ ಇಟ್ಟಿರೋ ಕಿಂಡಿ."

ಅವನು ಹೇಳಿದುದರ ಸಾರಾಂಶವಿದು. ಅನೇಕ ಕಾರುಗಳಲ್ಲಿ ರೇಡಿಯೋ ಪೆಟ್ಟಿಗೆಗೆ ಸೇರಿದ ಯುಎಸ್‌ಬಿ ಕಿಂಡಿ ಪೆನ್‌ಡ್ರೈವಿನಲ್ಲಿ ತುಂಬಿತಂದ ಹಾಡುಗಳನ್ನು ಕೇಳಲೆಂದು ಇಟ್ಟದ್ದು. 2000ದಲ್ಲಿ ಬಂದ ಯುಎಸ್‌ಬಿ 2.0 ನಿಯಮದ ಪ್ರಕಾರ ಅಂಥ ಕಿಂಡಿ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಭೂಪಟವನ್ನು ತೆರೆದು, ಪರದೆಯನ್ನು ಪೂರ್ಣ ಪ್ರಕಾಶದಲ್ಲಿರಿಸಿ, ದುರ್ಬಲವಾದ ಸಿಗ್ನಲನ್ನು ಹುಡುಕುತ್ತಿರುವ ಮೊಬೈಲು ಅದಕ್ಕಿಂತ ಹೆಚ್ಚನ್ನು ತಿನ್ನುವುದು ಅಪರೂಪವೇನಲ್ಲ. ನಮ್ಮ ಸೀಮೆಯಲ್ಲಿ ಜೀವನದಿಯಿಲ್ಲ. ಕೆರೆಯನ್ನು ನಂಬಿ ಬದುಕಿದವರು ನಾವು. ಕಾಲುವೆಯಿಂದ ಬರುವ ನೀರು ಬೆರಳಿನಷ್ಟಿದ್ದು ತೂಬಿನಿಂದ ಹೋಗುವುದು ತೋಳಿನಷ್ಟಿದ್ದರೆ ಕೆರೆ ತುಂಬುವುದುಂಟೇ? ಮಿಂಚಿನ ಚಿಹ್ನೆ ನೀರು ಬರುತ್ತಿದೆಯೆಂದು ಹೇಳುತ್ತದೆ. ಎಷ್ಟು ಬರುತ್ತಿದೆಯೆಂದು ಹೇಳುವುದಿಲ್ಲ.

ನಿಜವಾದ ಕಾಲುವೆ ಪಕ್ಕದಲ್ಲಿಯೇ ಇತ್ತು: ಹಿಂದಿನವರು ಸಿಗರೇಟು ಹೊತ್ತಿಸಿಕೊಳ್ಳಲೆಂದು ಮಾಡಿಸಿದ್ದ 12 ವೋಲ್ಟಿನ ಗುಂಡಗಿನ ಗೂಡು. ಸೇದುವವರ ಕಿಡಿಗಾಗಿ ಹುಟ್ಟಿದ ಗೂಡು ಇಂದು ಸೇದದವರ ಮೊಬೈಲಿಗೆ ಅನ್ನವಿಡುತ್ತಿರುವುದು ವಿನೋದವೇ ಸರಿ. ಅದಕ್ಕೆ ಹಾಕುವ ಒಳ್ಳೆಯ ಚಾರ್ಜರು 20 ವ್ಯಾಟನ್ನು ಸುಲಭವಾಗಿ ಕೊಡುತ್ತದೆ; ಹಾಡಿನ ಕಿಂಡಿಯ ಎಂಟರಷ್ಟು! ಒಳ್ಳೆಯದು ಎಂಬ ಮಾತನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಮೊದಲು ರಸ್ತೆಬದಿಯಲ್ಲಿ ನೂರು ರೂಪಾಯಿಗೆ ಕೊಂಡದ್ದು ಎರಡೇ ದಿನಗಳಲ್ಲಿ ಸುಟ್ಟ ವಾಸನೆ ಬೀರಿತು. ಕಾರಿನ ವಿದ್ಯುತ್ತು ಎಂಜಿನ್ ಓಡುವಾಗ 14 ವೋಲ್ಟಿನವರೆಗೂ ಏರುತ್ತದೆ; ಅದನ್ನು ಪಳಗಿಸಿ ಮೊಬೈಲಿಗೆ ತಕ್ಕಂತೆ ಇಳಿಸುವ ಕೆಲಸವನ್ನು ಕಳಪೆ ಬಿಡಿಭಾಗಗಳಿಗೆ ವಹಿಸಬಾರದು. ತಂತಿಯೂ ಅಷ್ಟೇ. ಸಣಕಲು ತಂತಿಯಾದರೆ ದೊಡ್ಡ ಚಾರ್ಜರೂ ವ್ಯರ್ಥ.

ಖರ್ಚಿನ ಚಿಂತೆ ಮಾಡುವವರಿಗೆ ಒಂದು ಲೆಕ್ಕ. ಇಂದಿನ 5000 ಮಿಲಿಆಂಪಿಯರ್-ಅವರ್ ಮೊಬೈಲು ಹೊಟ್ಟೆತುಂಬ ಉಂಡರೂ ಅದರಲ್ಲಿ ಸೇರುವುದು 19 ವ್ಯಾಟ್-ಅವರ್ ಮಾತ್ರ. ದಾರಿಯ ನಷ್ಟವನ್ನೆಲ್ಲ ಸೇರಿಸಿದರೂ ಪೆಟ್ರೋಲು ನಾಲ್ಕು ಚಹಚಮಚದಷ್ಟು ಹೋದೀತು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 420 ವ್ಯಾಟ್-ಅವರ್ ಇರುತ್ತದೆಯಾದ್ದರಿಂದ, ಎಂಜಿನ್ ನಿಲ್ಲಿಸಿದ್ದಾಗ ಒಮ್ಮೆ ಚಾರ್ಜು ಮಾಡಿದರೂ ಕಾರು ಮುಷ್ಕರ ಹೂಡದು. ಬ್ಯಾಟರಿ ಮುದಿಯಾಗಿದ್ದರೆ ಮಾತ್ರ ಆ ಸಾಹಸ ಬೇಡ.

ಇನ್ನೊಂದು ಪಾಠವನ್ನು ಘಾಟಿ ಸುಬ್ರಹ್ಮಣ್ಯದಲ್ಲಿ ಕಲಿತೆ. ಹೊಸ ಚಾರ್ಜರಿನ ಹೆಮ್ಮೆಯಲ್ಲಿ ಮೊಬೈಲನ್ನು ಮುಂಗಾಜಿನ ಹಿಂದೆ ನಿಲ್ಲಿಸಿಕೊಂಡು ಚೈತ್ರದ ನಡುಹಗಲಿನಲ್ಲಿ ಹೋಗಿದ್ದೆವು. ಬೆಟ್ಟದ ಬಳಿಗೆ ಬರುವಷ್ಟರಲ್ಲಿ ಮೊಬೈಲು ರೊಟ್ಟಿಯ ಹಂಚಿನಂತೆ ಕಾದು ಉಣ್ಣುವುದನ್ನೇ ನಿಲ್ಲಿಸಿತ್ತು. ಇದು ಕೆಟ್ಟುದರ ಲಕ್ಷಣವಲ್ಲ, ವಿವೇಕದ್ದು. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ, 2019ರಲ್ಲಿ ತನ್ನ ಮೂವರು ನಿರ್ಮಾತೃಗಳಿಗೆ ನೊಬೆಲ್ ಬಹುಮಾನವನ್ನು ದೊರಕಿಸಿದ ಲಿಥಿಯಂ-ಅಯಾನ್ ಬ್ಯಾಟರಿಗೆ ಬಿಸಿಲೇ ಶತ್ರು. ಕಾದಾಗ ಚಾರ್ಜು ಮಾಡಿದರೆ ಅದರ ಆಯುಸ್ಸು ಕುಂದುತ್ತದೆ. ಆದ್ದರಿಂದ ಮೊಬೈಲು ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ಈಗ ಅದನ್ನು ತಣ್ಣನೆಯ ಗಾಳಿ ಬೀಸುವ ಜಾಲರಿಯ ಮುಂದೆ ಸಿಕ್ಕಿಸಿದ್ದೇನೆ.

ಕಾರಿನ ಖಾನೆಯಲ್ಲಿ ನನ್ನಾಕೆ ತನ್ನ ದುಂಡು ಅಕ್ಷರಗಳಲ್ಲಿ ಬರೆದಿಟ್ಟ ಏಳು ದೂರವಾಣಿ ಸಂಖ್ಯೆಗಳ ಚೀಟಿಯೂ ಇದೆ. ಮಾವನವರಂತೂ ನಮ್ಮೊಡನೆ ಹೊರಟಾಗಲೆಲ್ಲ ಮುಂದಿನ ಆಸನವನ್ನೇ ಹಿಡಿಯುತ್ತಾರೆ. ಕನ್ನಡಕವನ್ನು ಸರಿಪಡಿಸಿಕೊಂಡು, "ಅರವತ್ತೆರಡಾಯ್ತು ನೋಡಿ ಅಳಿಯಂದ್ರೇ... ಈಗ ಅರವತ್ತನಾಲ್ಕು" ಎಂದು ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆಯಂತೆ ಹೊಸಕೋಟೆಯವರೆಗೂ ಹೇಳುತ್ತಲೇ ಇರುತ್ತಾರೆ.